ಮಲಗುವವರು, ಕಾಯುವವರು

ವೈಶಾಖ ಮುಗಿಯುತ್ತ ಬಂದಿತ್ತು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಲ್ಲಿ, ಊರ ಹೊರಗಿನ ಹೊಲವೊಂದರ ಬದುವಿನ ಮೇಲೆ, ಬೇವಿನ ನೆರಳಿನಲ್ಲಿ ಕುಳಿತಿದ್ದೆ. ಅದು ಮಳೆನೆರಳಿನ ನಾಡು. ಪಡುವಣದ ಮೋಡಗಳು ತಮ್ಮ ಭಾರವನ್ನೆಲ್ಲ ಮಲೆನಾಡಿನ ಮೇಲಿಳಿಸಿ, ಬರಿಗೈಯಲ್ಲಿ ಈ ಬಯಲನ್ನು ದಾಟಿಹೋಗುವುದೇ ಹೆಚ್ಚು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿಗೆ ಹೋದರೂ ಆ ದಿನಗಳಲ್ಲಿ ಕಣ್ಣಿಗೆ ಬೀಳುವ ನೋಟ ಒಂದೇ: ಪೈರು ಕಿತ್ತ ಹೊಲ, ಬಿರುಕುಬಿಟ್ಟ ನೆಲ, ಕೆಸರು ಕೂಡ ಒಣಗಿ ಹೆಂಚಿನ ಚೂರುಗಳಂತೆ ಎದ್ದುನಿಂತ ಹೊಂಡದ ತಳ. ಮುಂಗಾರಿನ ಮೊದಲ ರಾತ್ರಿಗಳಲ್ಲಿ ಇಂಥ ಹೊಂಡಗಳಿಂದಲೇ ಕಪ್ಪೆಗಳ ಕೂಗೆದ್ದು ಊರನ್ನು ತುಂಬುತ್ತದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರನ್ನು ಕೇಳಿದೆ: “ಅಜ್ಜಾ, ಅಷ್ಟೊಂದು ಕಪ್ಪೆಗಳು ಈಗ ಎಲ್ಲಿಗೆ ಹೋಗಿವೆ?”

“ಎಲ್ಲಿಗೆ ಹೋಗ್ತಾವಪಾ ತಮ್ಮಾ? ಇಲ್ಲೇ ಅದಾವ. ನೀ ಕುಂತಿಯಲ್ಲ, ಆ ನೆಲದಾಗ ಮಲಗ್ಯಾವ. ಮಳಿ ಬಂತಂದ್ರ ಎದ್ದು ಬರ್ತಾವ.”

ಅವರು ಹೇಳಿದ ಇನ್ನೊಂದು ಮಾತೂ ಇದೆ. ಅದನ್ನು ಲೇಖನದ ಕೊನೆಗೆಂದು ಉಳಿಸಿಕೊಂಡಿದ್ದೇನೆ.

ಹಿರಿಯರು ಆಡಿದ್ದು ಪ್ರಾಣಿಶಾಸ್ತ್ರದ ಸತ್ಯ. ನಮ್ಮ ಬಯಲುಸೀಮೆಯ ನೆಲ ಅಗೆಯುವ ಕಪ್ಪೆಗಳು ಬೇಸಿಗೆ ಬಂದೊಡನೆ ಹಿಂಗಾಲುಗಳಿಂದ ಮಣ್ಣನ್ನು ತೋಡಿ, ತೇವವಿರುವಷ್ಟು ಆಳಕ್ಕೆ ಇಳಿದು ಸ್ತಬ್ಧವಾಗುತ್ತವೆ. ಉಸಿರು ಸಣ್ಣದಾಗುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಮೈಯೊಳಗಿನ ಕೊಬ್ಬು ಹನಿಹನಿಯಾಗಿ ಕರಗುತ್ತ ತಿಂಗಳುಗಟ್ಟಲೆ ಜೀವವನ್ನು ಹಿಡಿದಿಡುತ್ತದೆ. ಹಿಮದ ನಾಡುಗಳ ಪ್ರಾಣಿಗಳು ಚಳಿಗೆ ಹೆದರಿ ಮಾಡುವುದನ್ನು ಇವು ಬಿಸಿಲಿಗೆ ಹೆದರಿ ಮಾಡುತ್ತವೆ. ಅದು ಶಿಶಿರನಿದ್ರೆ, ಇದು ಗ್ರೀಷ್ಮನಿದ್ರೆ. ಹೆಸರು ಬೇರೆಯಾದರೂ ಉಪಾಯ ಒಂದೇ. ದಾಟಲಾಗದ ಕಾಲವೊಂದು ಎದುರಾದಾಗ, ಬದುಕಿನ ದೀಪದ ಕುಡಿಯನ್ನು ತಗ್ಗಿಸಿ, ಆ ಕಾಲವು ತಾನಾಗಿಯೇ ಕಳೆದುಹೋಗಲೆಂದು ಕಾಯುವುದು.

ಇದೇ ಉಪಾಯವನ್ನು ಮನುಷ್ಯನಿಗೆ ಕಲಿಸಬಹುದೆ ಎಂಬ ಪ್ರಶ್ನೆ ಈಗ ಆಕಾಶಯಾನದ ಪಂಡಿತರನ್ನು ಕಾಡುತ್ತಿದೆ. ಕಾರಣವು ಸರಳವಾದುದು. ಇಂದಿನ ನೌಕೆಗಳಲ್ಲಿ ಮಂಗಳಗ್ರಹಕ್ಕೆ ಹೋಗಬೇಕಾದರೆ ಒಂದು ಕಡೆಯ ಪ್ರಯಾಣಕ್ಕೇ ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ನಾಲ್ಕಾರು ಮಂದಿ ಎಚ್ಚರವಾಗಿದ್ದರೆ ಅವರು ಉಣ್ಣಬೇಕು, ಕುಡಿಯಬೇಕು, ಓಡಾಡಲು ಜಾಗ ಬೇಕು. ಒಬ್ಬರ ಮುಖವನ್ನೊಬ್ಬರು ನೋಡಿ ಬೇಸರಗೊಳ್ಳದೆಯೂ ಇರಬೇಕು. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ಮಾತಂತೂ ಬೇರೆಯೇ. ಅದು ೪.೨೪ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೆಕೆಂಡಿಗೆ ೧೭ ಕಿಲೋಮೀಟರುಗಳಂತೆ ಓಡುತ್ತಿರುವ ವಾಯೇಜರ್-೧ ನೌಕೆಯ ವೇಗದಲ್ಲಿ ಅಷ್ಟು ದೂರವನ್ನು ಕ್ರಮಿಸಲು ೭೦,೦೦೦ ವರ್ಷಗಳೂ ಸಾಲವು. ಇಷ್ಟು ದೊಡ್ಡ ಬೇಸಿಗೆಯನ್ನು ಎಚ್ಚರವಾಗಿದ್ದು ದಾಟುವವರಾರು?

ವಿಜ್ಞಾನಿಗಳಿಗಿಂತ ಮೊದಲೇ ಈ ತೊಡಕಿಗೆ ಉತ್ತರ ಕೊಟ್ಟವರು ಕಥೆಗಾರರು: ಪ್ರಯಾಣಿಕನನ್ನು ಮಲಗಿಸಿಬಿಡಿ, ಊರು ಬಂದಾಗ ಎಬ್ಬಿಸಿ. ದೀರ್ಘನಿದ್ರೆಯ ಕಥೆ ಸಾಹಿತ್ಯಕ್ಕೆ ಹೊಸದಲ್ಲ. ೧೮೧೯ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಸೃಷ್ಟಿಸಿದ ರಿಪ್ ವ್ಯಾನ್ ವಿಂಕಲ್ ಬೆಟ್ಟದಲ್ಲಿ ಇಪ್ಪತ್ತು ವರ್ಷ ಮಲಗಿದ್ದು ಎದ್ದಾಗ, ಅವನ ದೇಶ ಬ್ರಿಟಿಷ್ ಅರಸನ ಕೈತಪ್ಪಿ ಸ್ವತಂತ್ರವಾಗಿತ್ತು. ೧೮೮೮ರಲ್ಲಿ ಎಡ್ವರ್ಡ್ ಬೆಲ್ಲಮಿ ಬರೆದ ಕಾದಂಬರಿಯ ನಾಯಕ ೧೮೮೭ರಲ್ಲಿ ಬಾಸ್ಟನ್ನಿನಲ್ಲಿ ಮಲಗಿ ೨೦೦೦ದಲ್ಲಿ ಕಣ್ಣು ತೆರೆದನು. ೧೮೯೯ರಲ್ಲಿ ಹೊರಬಂದ ಎಚ್. ಜಿ. ವೆಲ್ಸರ ಕಾದಂಬರಿಯಲ್ಲಿ ಮಲಗಿದವನು ಇನ್ನೂರು ವರ್ಷಗಳ ಮೇಲೆ ಏಳುವ ಹೊತ್ತಿಗೆ ಅವನ ಆಸ್ತಿಯು ಬಡ್ಡಿಗೆ ಬಡ್ಡಿ ಬೆಳೆದು, ಅವನ ಹೆಸರಿನಲ್ಲಿ ಬೇರೆಯವರು ಲೋಕವನ್ನು ಆಳುತ್ತಿದ್ದರು.

ಇವನ್ನು ಓದಿ ನಕ್ಕುಬಿಡುವ ಮೊದಲು ತೆಲಿಗಿಯ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ೧೯೫೨ರಲ್ಲಿ ತನ್ನ ಮನೆಯ ಪಡಸಾಲೆಯಲ್ಲಿ ಮಲಗಿದನೆನ್ನಿ. ಆಗ ಅವನು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವನು. ೧೯೫೩ರ ಅಕ್ಟೋಬರಿನಲ್ಲಿ ಅವನು ಮಲಗಿದ್ದಲ್ಲಿಯೇ ಮೈಸೂರು ರಾಜ್ಯದವನಾದನು. ೧೯೭೩ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. ೧೯೯೭ರಲ್ಲಿ ಅವನ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸಂದಿತು. ಒಂದು ಗೇಣೂ ಕದಲದೆ ಅವನು ಮೂರು ರಾಜ್ಯದ ಹೆಸರುಗಳನ್ನೂ ಮೂರು ಜಿಲ್ಲೆಗಳನ್ನೂ ದಾಟಿದನು. ಎದ್ದು ತಾಲ್ಲೂಕು ಕಚೇರಿಗೆ ಹೋದರೆ ತಾನು ಯಾರೆಂದು ಹೇಳಿಕೊಳ್ಳುವುದಕ್ಕೆ ಅವನಿಗೆ ಯಾವ ಕಾಗದ ಉಳಿದಿದ್ದೀತು? ದೀರ್ಘನಿದ್ರೆಯ ಕಥೆಗಳಲ್ಲೆಲ್ಲ ನಿದ್ದೆ ಸುಲಭ, ಏಳುವುದು ಕಷ್ಟ.

ನಮ್ಮ ಪುರಾಣಕಾರರು ಇದನ್ನು ಬಲ್ಲವರಾಗಿದ್ದರು. ದೇವತೆಗಳ ಪರವಾಗಿ ಬಹುಕಾಲ ಕಾದಾಡಿ ದಣಿದ ಮುಚುಕುಂದನು ವರವಾಗಿ ಬೇಡಿದ್ದು ನಿದ್ದೆಯನ್ನು. ಗುಹೆಯಲ್ಲಿ ಮಲಗಿದ ಆ ಅರಸನು ಕಾಲಯವನನ ಒದೆತಕ್ಕೆ ಎಚ್ಚರಗೊಂಡು ಹೊರಗೆ ಬಂದಾಗ, ಮನುಷ್ಯರೂ ಮರಗಳೂ ಕುಗ್ಗಿಹೋಗಿದ್ದುದನ್ನು ಕಂಡನು. ಅವನ ಬಂಧುಗಳಿರಲಿಲ್ಲ, ರಾಜ್ಯವಿರಲಿಲ್ಲ, ಯುಗವೇ ಬೇರೆಯಾಗಿತ್ತು. ಅವನು ತಪಸ್ಸಿಗೆ ಹೊರಟುಹೋದನು. ಇದಕ್ಕಿಂತಲೂ ಮನಸ್ಸನ್ನು ತಟ್ಟುವುದು ದಕ್ಷಿಣ ದೇಶದ ಜನಪದರು ಹೇಳುವ ಊರ್ಮಿಳೆಯ ನಿದ್ದೆ. ಅಣ್ಣ ಅತ್ತಿಗೆಯರನ್ನು ಹದಿನಾಲ್ಕು ವರ್ಷ ಕಣ್ಣು ಮುಚ್ಚದೆ ಕಾಯಬೇಕಾದ ಲಕ್ಷ್ಮಣನ ಪಾಲಿನ ನಿದ್ದೆಯನ್ನು ಅವನ ಹೆಂಡತಿ ತಾನು ವಹಿಸಿಕೊಂಡು ಅಯೋಧ್ಯೆಯಲ್ಲಿ ಮಲಗಿಬಿಟ್ಟಳಂತೆ. ಒಬ್ಬರು ಮಲಗಿದರೆಂದೇ ಇನ್ನೊಬ್ಬರು ಎಚ್ಚರವಾಗಿದ್ದರು. ನಿದ್ದೆಯೂ ಎಚ್ಚರವೂ ಒಂದೇ ಹೊರೆಯ ಎರಡು ಹೆಗಲುಗಳೆಂಬ ಈ ತಿಳಿವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಬಾಹ್ಯಾಕಾಶದ ನಿದ್ದೆಯನ್ನು ಜಗತ್ತಿನ ಕಣ್ಣಿಗೆ ಕಟ್ಟಿದಂತೆ ತೋರಿಸಿದ್ದು ೧೯೬೮ರ ‘೨೦೦೧: ಎ ಸ್ಪೇಸ್ ಒಡಿಸ್ಸಿ’. ಆರ್ಥರ್ ಕ್ಲಾರ್ಕರ ಕಾದಂಬರಿಯೂ ಸ್ಟಾನ್ಲಿ ಕ್ಯೂಬ್ರಿಕರ ಚಲಚ್ಚಿತ್ರವೂ ಅದೇ ವರ್ಷ ಬಂದವು. ಚಿತ್ರದಲ್ಲಿ ಗುರುಗ್ರಹದ ಕಡೆಗೆ ಹೊರಟ ಡಿಸ್ಕವರಿ ನೌಕೆಯಲ್ಲಿ ಐವರಿದ್ದಾರೆ. ಇಬ್ಬರು ಎಚ್ಚರವಾಗಿದ್ದಾರೆ, ಮೂವರು ಶವಪೆಟ್ಟಿಗೆಯಂಥ ತೊಟ್ಟಿಲುಗಳಲ್ಲಿ ಮಲಗಿದ್ದಾರೆ. ಅವರ ಉಸಿರಿನ, ನಾಡಿಯ ಲೆಕ್ಕವನ್ನಿಡುವುದು ಹಾಲ್ ಎಂಬ ಗಣಕಯಂತ್ರ. ಒಂದು ಗಳಿಗೆಯಲ್ಲಿ ಆ ಯಂತ್ರವೇ ಮಲಗಿದವರ ಜೀವದ ತಂತುಗಳನ್ನು ಕಡಿದುಹಾಕುತ್ತದೆ. ಕೂಗಿಲ್ಲ, ಹೊಡೆದಾಟವಿಲ್ಲ, ಫಲಕದ ಮೇಲಿನ ಗೆರೆಗಳು ಒಂದೊಂದಾಗಿ ನೇರವಾಗುತ್ತವೆ, ಅಷ್ಟೆ. ಆ ಸಾವಿನ ಭೀಕರತೆಯೆಲ್ಲ ಇರುವುದು ಒಂದೇ ಸಂಗತಿಯಲ್ಲಿ: ಕಾಯಬೇಕಾದುದೇ ಕೊಂದಿತು.

ಕಥೆ ಹಾಗಿರಲಿ, ಮನುಷ್ಯನ ಮೈ ಇಂಥ ನಿದ್ದೆಗೆ ಒಗ್ಗೀತೆ? ಮೊದಲು ತಿಳಿಯಬೇಕಾದುದೆಂದರೆ, ಶಿಶಿರನಿದ್ರೆಯು ನಾವು ರಾತ್ರಿ ಮಾಡುವ ನಿದ್ದೆಯ ಜಾತಿಯದಲ್ಲ. ಉತ್ತರಧ್ರುವದ ಬಳಿಯ ನೆಲದ ಅಳಿಲೊಂದು ಚಳಿಗಾಲದಲ್ಲಿ ತನ್ನ ಮೈಯ ಶಾಖವನ್ನು ಸೊನ್ನೆಗಿಂತಲೂ ಕೆಳಗೆ, ೨.೯ ಡಿಗ್ರಿ ಸೆಲ್ಷಿಯಸ್‌ನಷ್ಟು ಇಳಿಸಿಕೊಂಡೂ ಬದುಕಿರುತ್ತದೆಂದು ೧೯೮೯ರಲ್ಲಿ ಗೊತ್ತಾಯಿತು. ಆದರೆ ಎರಡು ಮೂರು ವಾರಗಳಿಗೊಮ್ಮೆ ಅದು ಕೂಡಿಟ್ಟ ಕೊಬ್ಬನ್ನು ಧಾರಾಳವಾಗಿ ಸುಟ್ಟು ಮೈಯನ್ನು ಬಿಸಿಮಾಡಿಕೊಳ್ಳುತ್ತದೆ. ಹಾಗೆ ಬೆಚ್ಚಗಾದ ಮೇಲೆ ಅದು ಮಾಡುವ ಕೆಲಸವೇನು? ನಿಜವಾದ ನಿದ್ದೆ! ತಿಂಗಳುಗಟ್ಟಲೆ ಮಲಗಿದಂತೆ ಕಾಣುವ ಪ್ರಾಣಿಯು ನಿದ್ದೆಗೆಟ್ಟಿರುತ್ತದೆಂಬುದು ಸೋಜಿಗದ ಮಾತಲ್ಲವೆ?

ಪಂಡಿತರ ಕಣ್ಣು ಅಳಿಲಿಗಿಂತ ಹೆಚ್ಚಾಗಿ ಕರಡಿಯ ಮೇಲಿದೆ. ಅಮೆರಿಕದ ಕಪ್ಪು ಕರಡಿ ಐದಾರು ತಿಂಗಳು ಗವಿಯಲ್ಲಿರುತ್ತದೆ. ಆಗ ಅದರ ಮೈಯ ಶಾಖ ಕೆಲವೇ ಡಿಗ್ರಿ ಇಳಿಯುತ್ತದೆ; ಆದರೆ ಜೀವವ್ಯಾಪಾರವೆಲ್ಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂದು ಅಲಾಸ್ಕದ ಸಂಶೋಧಕರು ೨೦೧೧ರಲ್ಲಿ ತೋರಿಸಿದರು. ಉಣ್ಣದೆ, ಕುಡಿಯದೆ, ಮಲಮೂತ್ರವಿಲ್ಲದೆ ಬಿದ್ದಿದ್ದರೂ ವಸಂತದಲ್ಲಿ ಅದು ಗಟ್ಟಿಯಾದ ಎಲುಬುಗಳೊಂದಿಗೆ, ಹೆಚ್ಚು ಸೊರಗದ ಸ್ನಾಯುಗಳೊಂದಿಗೆ ಹೊರಗೆ ಬರುತ್ತದೆ. ಮನುಷ್ಯನಾದರೆ ಕೆಲವು ವಾರ ಹಾಸಿಗೆ ಹಿಡಿದರೆ ಸಾಕು, ನಡೆಯುವುದಕ್ಕೆ ಆಸರೆ ಬೇಕಾಗುತ್ತದೆ. ಭಾರವಿಲ್ಲದ ಬಾಹ್ಯಾಕಾಶದಲ್ಲಿಯೂ ಎಲುಬು ಸವೆಯುತ್ತದೆ. ಕರಡಿಯ ಗುಟ್ಟು ತಿಳಿದರೆ ಗಗನಯಾತ್ರಿಗೂ ಪ್ರಯೋಜನ, ಹಾಸಿಗೆ ಹಿಡಿದ ನಮ್ಮ ಮನೆಯ ಮುದುಕರಿಗೂ ಪ್ರಯೋಜನ.

ಕರಡಿಯೆಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ. ಅಲ್ಲಿಯ ಬಂಡೆಗುಡ್ಡಗಳು ೨೦೧೩ರಲ್ಲಿ ಕರಡಿಧಾಮವಾದವು. ಆದರೆ ನಮ್ಮ ಕರಡಿ ವರ್ಷದ ಯಾವ ಕಾಲದಲ್ಲಿಯೂ ದೀರ್ಘನಿದ್ರೆಗೆ ಹೋಗುವುದಿಲ್ಲ. ಗೆದ್ದಲು, ಇರುವೆ, ಹಣ್ಣು, ಜೇನು ಎಂದು ಹನ್ನೆರಡು ತಿಂಗಳೂ ಅದು ಅಲೆಯುತ್ತಲೇ ಇರಬೇಕು. ಮಲಗುವ ವಂಶದಲ್ಲಿ ಹುಟ್ಟಿಯೂ ಮಲಗದೆ ದುಡಿಯುವ ಕರಡಿ ಅದು. ಹಾಗೆಯೇ ಮಲಗದ ವಂಶವೆಂದು ನಾವು ತಿಳಿದಿದ್ದ ವಾನರವರ್ಗದಲ್ಲಿಯೂ ಮಲಗುವವರು ಸಿಕ್ಕಿದ್ದಾರೆ. ಮಡಗಾಸ್ಕರ್ ದ್ವೀಪದ, ಬಾಲದಲ್ಲಿ ಕೊಬ್ಬು ಕೂಡಿಡುವ ಪುಟ್ಟ ಲೀಮರ್ ಬಿಸಿಯಾದ ನಾಡಿನಲ್ಲಿದ್ದೂ ಮರದ ಪೊಟರೆಯಲ್ಲಿ ಏಳು ತಿಂಗಳು ಸ್ತಬ್ಧವಾಗಿರುತ್ತದೆಂದು ೨೦೦೪ರಲ್ಲಿ ಪ್ರಕಟವಾಯಿತು. ನಮ್ಮ ದೂರದ ಬಂಧುವಿಗೆ ಈ ವಿದ್ಯೆ ಬಲ್ಲದಾದರೆ, ನಮ್ಮ ರಕ್ತದ ಮೂಲೆಯಲ್ಲೆಲ್ಲೋ ಅದರ ಕೀಲಿಕೈ ಇದ್ದರೂ ಇರಬಹುದೆಂದು ಆಶೆಪಡುವವರಿದ್ದಾರೆ.

ಆಶೆಗೆ ಆಧಾರವೂ ಇಲ್ಲದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಆನಂದ್, ಛೀನಾ, ಬಲದೇವ್ ಸಿಂಗ್ ಎಂಬ ವೈದ್ಯರು ರಾಮಾನಂದ ಯೋಗಿಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕುಳ್ಳಿರಿಸಿ ಅಳೆದು, ಅವರು ಬಳಸಿದ ಆಮ್ಲಜನಕವು ವಿಶ್ರಾಂತಿಯ ಸಾಮಾನ್ಯ ಅಗತ್ಯಕ್ಕಿಂತಲೂ ಬಹಳ ಕೆಳಗಿಳಿಯಿತೆಂದು ೧೯೬೧ರಲ್ಲಿ ವರದಿ ಮಾಡಿದರು. ೧೯೯೯ರಲ್ಲಿ ನಾರ್ವೆಯಲ್ಲಿ ತರುಣ ವೈದ್ಯೆಯೊಬ್ಬರು ಹಿಮದಡಿಯ ತೊರೆಗೆ ಸಿಕ್ಕಿ, ಮೈಯ ಶಾಖ ೧೩.೭ ಡಿಗ್ರಿಗೆ ಇಳಿದು, ಹೃದಯವು ನಿಂತಿದ್ದರೂ ಬದುಕಿ ಬಂದರು. ಹೃದಯ ನಿಂತು ಮತ್ತೆ ಚೇತರಿಸಿಕೊಂಡ ರೋಗಿಗಳ ಮೈಯನ್ನು ೩೨ರಿಂದ ೩೪ ಡಿಗ್ರಿಯವರೆಗೆ ತಂಪುಮಾಡಿ ಮಿದುಳನ್ನು ಕಾಪಾಡುವ ಚಿಕಿತ್ಸೆ ೨೦೦೨ರ ಬಳಿಕ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ೨೦೨೦ರಲ್ಲಿ ಜಪಾನಿನ ತ್ಸುಕುಬಾದ ವಿಜ್ಞಾನಿಗಳು ಇಲಿಯ ಮಿದುಳಿನ ಒಂದು ಸಣ್ಣ ನರಗುಂಪನ್ನು ಕೆಣಕಿ ಅದನ್ನು ಶಿಶಿರನಿದ್ರೆಯಂಥ ಸ್ಥಿತಿಗೆ ಇಳಿಸಿದರು. ಮತ್ತೆ ಅಪಾಯವಿಲ್ಲದೆ ಎಬ್ಬಿಸಿದರು. ಪ್ರಯಾಣಿಕರನ್ನು ಹೀಗೆ ಮಲಗಿಸಿದರೆ ಮಂಗಳದ ನೌಕೆಯ ತೂಕವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಸಬಹುದೆಂದು ೨೦೧೯ರಲ್ಲಿ ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಲೆಕ್ಕಾಚಾರ ಹೇಳಿತು.

ಆದರೂ ದಾರಿ ದೂರವಿದೆ. ತಂಪಾದ ಮನುಷ್ಯನ ಮೈ ನಡುಗಿ ಪ್ರತಿಭಟಿಸುತ್ತದೆ. ಆ ನಡುಕವನ್ನು ಔಷಧಿಯಿಂದ ಅಡಗಿಸಬೇಕು. ರೋಗನಿರೋಧಕ ಬಲ ತಗ್ಗುತ್ತದೆ, ಸೋಂಕು ತಾಗುತ್ತದೆ, ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೆನಪುಗಳು ಎಷ್ಟರಮಟ್ಟಿಗೆ ಉಳಿದಾವೆಂಬುದು ಇನ್ನೂ ದೊಡ್ಡ ಪ್ರಶ್ನೆ. ಆಸ್ಪತ್ರೆಯಲ್ಲಿ ದಿನಗಳ ಲೆಕ್ಕದಲ್ಲಿ ಮಾಡುವುದನ್ನು ನೌಕೆಯಲ್ಲಿ ತಿಂಗಳುಗಳ ಲೆಕ್ಕದಲ್ಲಿ ಮಾಡಬೇಕು. ಅದೂ ಹಾಸಿಗೆಯ ಪಕ್ಕದಲ್ಲಿ ದಾದಿಯಿಲ್ಲದೆ.

ಹೀಗಿರಲು, ಮನುಷ್ಯನಿಗಿಂತ ಮುಂಚೆ ಕನ್ನಡ ನಾಡಿನ ಒಂದು ಅಣುಜೀವಿ ಈ ಪ್ರಯಾಣವನ್ನು ಮಾಡಿ ಬಂದಿದೆಯೆಂಬುದು ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕಾಂಕ್ರೀಟು ಗೋಡೆಯೊಂದರ ಮೇಲೆ ಬೆಳೆದ ಪಾಚಿಯಲ್ಲಿ, ಡಾ. ಸಂದೀಪ್ ಈಶ್ವರಪ್ಪ ಮತ್ತು ಅವರ ಸಂಗಡಿಗರು ಒಂದು ಬಗೆಯ ನೀರುಕರಡಿಯನ್ನು ಕಂಡುಕೊಂಡರು. ಟಾರ್ಡಿಗ್ರೇಡ್ ಎಂಬ ಕುಲಕ್ಕೆ ಸೇರಿದ, ಎಂಟು ಕಾಲಿನ, ಬರಿಗಣ್ಣಿಗೆ ಕಾಣಿಸುವುದೇ ದುಸ್ತರವಾದ ಜೀವಿ ಅದು. ಮಾರಕವಾದ ನೇರಳಾತೀತ ಕಿರಣಗಳು ಬಿದ್ದಾಗ ಅದರ ಮೈಯೇ ಹೊಳೆದು ಅವನ್ನು ನಿರಪಾಯದ ನೀಲಿ ಬೆಳಕಾಗಿ ಮಾರ್ಪಡಿಸುತ್ತದೆಂದು ಅವರು ೨೦೨೦ರಲ್ಲಿ ಪ್ರಕಟಿಸಿದರು. ಈ ಕುಲದ ಜೀವಿಗಳು ನೀರು ಬತ್ತಿದರೆ ಕಾಲುಗಳನ್ನು ಒಳಗೆಳೆದುಕೊಂಡು, ಒಣಗಿದ ಕಾಳಿನಂತೆ ಮುದುಡಿ, ಬದುಕಿನ ವ್ಯಾಪಾರವನ್ನೇ ನಿಲ್ಲಿಸಿಬಿಡುತ್ತವೆ. ವರ್ಷಗಳ ಮೇಲೆ ಒಂದು ಹನಿ ನೀರು ಬಿದ್ದರೂ ಮತ್ತೆ ನಡೆದಾಡುತ್ತವೆ. ೨೦೨೫ರ ಜೂನ್ ೨೫ರಂದು ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಭಾರತದ ಪ್ರಯೋಗಗಳಲ್ಲಿ ಈ ನೀರುಕರಡಿಗಳದೂ ಒಂದಾಗಿತ್ತು. ಭಾರವಿಲ್ಲದ ಲೋಕದಲ್ಲಿ ಅವು ಹೇಗೆ ಎಚ್ಚರಗೊಳ್ಳುತ್ತವೆ, ಹೇಗೆ ಉಳಿಯುತ್ತವೆ, ಎಷ್ಟು ಮೊಟ್ಟೆಯಿಡುತ್ತವೆ ಎಂಬುದೇ ಪ್ರಯೋಗದ ವಿಷಯ. ಜುಲೈ ೧೫ರಂದು ಶುಕ್ಲಾ ಭೂಮಿಗೆ ಮರಳಿದರು. ಬೆಂಗಳೂರಿನ ಗೋಡೆಯ ಮೇಲೆ ಮಳೆಗಾಗಿ ಕಾಯುತ್ತಿದ್ದ ವಂಶವೊಂದು ಹೀಗೆ ಭೂಮಿಯನ್ನು ಸುತ್ತಿ ಬಂತು. ಇದರ ಹಿಂದಿರುವ ನೀತಿಯನ್ನು ಗಮನಿಸಿರಿ. ಅವುಗಳ ಪಾಲಿಗೆ ನೀರೆರೆದು ಎಬ್ಬಿಸಲು ಎಚ್ಚರವಾಗಿದ್ದ ಒಬ್ಬ ಮನುಷ್ಯನಿದ್ದನು.

ಮನುಷ್ಯನಿಗೆ ದೀರ್ಘನಿದ್ರೆಯ ಆಶೆ ಹುಟ್ಟಿದ್ದು ನಕ್ಷತ್ರಗಳನ್ನು ನೋಡಿಯಲ್ಲ, ಬರಿದಾದ ಕಣಜವನ್ನು ನೋಡಿ ಎಂದು ನನಗೆ ತೋರುತ್ತದೆ. ೧೯೦೦ರಲ್ಲಿ ಇಂಗ್ಲೆಂಡಿನ ವೈದ್ಯರ ಪತ್ರಿಕೆಯಾದ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವಿಚಿತ್ರ ವೃತ್ತಾಂತ ಬಂತು. ರಷ್ಯದ ಪ್ಸ್ಕೋವ್ ಪ್ರಾಂತದಲ್ಲಿ ವರ್ಷವಿಡೀ ಉಣ್ಣುವಷ್ಟು ಧಾನ್ಯವಿಲ್ಲದ ರೈತರು ಮೊದಲ ಹಿಮ ಬಿದ್ದೊಡನೆ ಮನೆಮಂದಿಯೆಲ್ಲ ಒಲೆಯ ಸುತ್ತ ಮಲಗಿಬಿಡುವರಂತೆ. ದಿನಕ್ಕೊಮ್ಮೆ ಎದ್ದು ಒಂದು ತುಂಡು ಒಣರೊಟ್ಟಿ ತಿಂದು, ನೀರು ಕುಡಿದು, ಮತ್ತೆ ಮಲಗುವರಂತೆ. ಹೀಗೆ ಆರು ತಿಂಗಳು. ಇದು ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂಬ ವಾದ ಇರಲಿ. ಅದರಲ್ಲಿ ಒಂದು ವಿವರ ಮಾತ್ರ ಮರೆಯುವಂಥದಲ್ಲ: ಒಲೆಯ ಬೆಂಕಿ ಆರದಂತೆ ಮನೆಯವರು ಸರದಿಯ ಮೇಲೆ ಎಚ್ಚರವಾಗಿರುತ್ತಿದ್ದರು.

ನಮ್ಮ ಸೀಮೆಗೂ ಹಸಿವಿನ ಕಾಲಗಳು ಹೊಸವಲ್ಲ. ೧೮೭೬ರಿಂದ ೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮಣ್ಣಿನಲ್ಲಿ ಅಡಗುವ ವರವನ್ನು ಯಾರೂ ಕೊಡಲಿಲ್ಲವಾಗಿ ಜನ ಊರು ಬಿಟ್ಟು ನಡೆದರು. ಇಂದಿಗೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ತಾಲ್ಲೂಕುಗಳ ಜನ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ. ಇಲ್ಲವೆ ವಯಸ್ಸಾದವರೊಬ್ಬರು ಬಾಗಿಲಲ್ಲಿ ಕುಳಿತಿರುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದೇ ವಾಕ್ಯವನ್ನು ಕೇಳಲು ಅಷ್ಟು ಜನ ಉಸಿರು ಬಿಗಿಹಿಡಿದು ನಿಲ್ಲುವುದೇಕೆ? ಬರುವ ಮಳೆಬೆಳೆಯ ಸುಳಿವು ಅದರಲ್ಲಿ ಸಿಕ್ಕೀತೆಂದು. ಕಪ್ಪೆಗೆ ಮಳೆಯ ಹನಿಯೇ ಕರೆ. ಮನುಷ್ಯನು ಆ ಕರೆ ಬರುವ ಮೊದಲೇ ಗಂಟುಮೂಟೆ ಕಟ್ಟುವುದೋ ಬೇಡವೋ ಎಂದು ತೀರ್ಮಾನಿಸಬೇಕಾಗಿದೆ.

ಮುಂದೊಂದು ದಿನ ಮನುಷ್ಯನನ್ನು ಮಲಗಿಸಿ ಆಕಾಶಕ್ಕೆ ಕಳಿಸುವ ವಿದ್ಯೆ ಸಿದ್ಧಿಸಬಹುದು. ಅಂದು ನಾವು ಕೇಳಬೇಕಾದ ಪ್ರಶ್ನೆಗಳು ವೈದ್ಯರ ಅಳತೆಗೆ ಮಾತ್ರ ಸೇರಿದವಲ್ಲ. ಮಲಗಿದವರನ್ನು ಕಾಯುವವರು ಯಾರು? ಅವರಿಗೆ ಇವರು ಮನುಷ್ಯರಾಗಿ ಕಾಣುತ್ತಾರೆಯೆ, ಸರಕಾಗಿ ಕಾಣುತ್ತಾರೆಯೆ? ಎಬ್ಬಿಸುವ ಹೊತ್ತಿಗೆ ಎಬ್ಬಿಸುವವರ ಮನಸ್ಸು ಬದಲಾಗಿದ್ದರೆ? ಇವರ ಹೆಸರನ್ನು ನೆನಪಿಟ್ಟುಕೊಂಡ ಒಬ್ಬರಾದರೂ ಭೂಮಿಯ ಮೇಲೆ ಉಳಿದಿರುತ್ತಾರೆಯೆ? ತೊಟ್ಟಿಲಿನ ಮುಚ್ಚಳವನ್ನು ಮುಚ್ಚಿಸಿಕೊಳ್ಳುವ ಯಾತ್ರಿಕನು ತೋರುವ ಧೈರ್ಯವು ಬಹುಮಟ್ಟಿಗೆ ಇತರರ ಮೇಲಿಟ್ಟ ನಂಬಿಕೆ. ಆ ನಂಬಿಕೆಗೆ ಅರ್ಹವಾದ ಸಮಾಜವನ್ನು ಕಟ್ಟುವುದು, ಮೈಯನ್ನು ೩೨ ಡಿಗ್ರಿಗೆ ಇಳಿಸುವುದಕ್ಕಿಂತ ಕಠಿಣವಾದ ಕೆಲಸ. ಊರ್ಮಿಳೆ ನಿಶ್ಚಿಂತೆಯಿಂದ ಮಲಗಿದ್ದು ಲಕ್ಷ್ಮಣನು ಎಚ್ಚರವಾಗಿರುವನೆಂಬ ಭರವಸೆಯಿಂದ ತಾನೆ?

ಉಳಿಸಿಕೊಂಡಿದ್ದ ಮಾತನ್ನು ಈಗ ಹೇಳುತ್ತೇನೆ. ಅಂದು ಹೊಲದ ಬದುವಿನ ಮೇಲೆ ನಾನು ಹಿರಿಯರನ್ನು ಇನ್ನೊಂದು ಪ್ರಶ್ನೆ ಕೇಳಿದೆ: “ಮಳೆ ಬಾರದೆ ಹೋದರೆ, ಅಜ್ಜಾ?”

ಅವರು ಬಹಳ ಹೊತ್ತು ಪಡುವಣದ ಕಡೆಗೆ ನೋಡಿದರು. ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು.

“ಬರ್ಲಿಲ್ಲಂದ್ರ ಅವು ಇನ್ನೊಂದೀಟು ಮಲಗ್ತಾವ. ನಮಗ ಹಾಂಗ ಮಲಗಾಕ ಬರೂದುಲ್ಲ ತಮ್ಮಾ. ಮಂದಿ ದುಡ್ಯಾಕ ಹೋಗ್ತಾರ. ಬಂದಾಗ ಬಾಗ್ಲಾ ತೆಗಿಯಾಕ ಮನ್ಯಾಗ ಒಬ್ಬರು ಎಚ್ಚರ ಇರಬೇಕಲ್ಲ, ಅದಕ್ಕ ನಾ ಅದೀನಿ.”